ಆರು ಋತುವಿನ ಖಾತೆ ಪುಸ್ತಕ

ನಮ್ಮ ಪತ್ರಿಕೆ ತ್ರೈಮಾಸಿಕ. ವರ್ಷಕ್ಕೆ ನಾಲ್ಕು ಸಂಚಿಕೆ. ಋತುಗಳೋ ಆರು. ಲೆಕ್ಕ ಹೊಂದುವುದಿಲ್ಲವೆಂಬ ನೆವದಿಂದ ಈ ಅಂಕಣದಲ್ಲಿ ಋತುಗಳ ಮಾತೆತ್ತಲು ನಾವು ಇದುವರೆಗೆ ಹೋಗಿರಲಿಲ್ಲ. ಆದರೆ ಈ ಯುಗಾದಿಗೆ ನಮ್ಮ ಮನೆಯ ಒಂದು ಖಾತೆ ಪುಸ್ತಕಕ್ಕೆ ವರ್ಷ ತುಂಬಿತು. ಅದರ ಜಮಾ ಖರ್ಚನ್ನು ಓದುಗ ಬಂಧುಗಳ ಮುಂದೆ ಇಡಬೇಕೆಂದು ಮನೆಯವರೆಲ್ಲರ ಒತ್ತಾಯ.

ಕಳೆದ ವರ್ಷದ ಯುಗಾದಿಗೆ ಎರಡು ದಿನ ಮೊದಲಿನ ಮಾತು. ನಮ್ಮ ಕಿರಿಯ ಮಗಳು, ಒಂಬತ್ತು ವರ್ಷದವಳು, ಊಟದ ಮೇಜಿನ ಬಳಿ ಕುಳಿತು ವಸಂತ, ಗ್ರೀಷ್ಮ, ವರ್ಷ, ಶರತ್, ಹೇಮಂತ, ಶಿಶಿರ ಎಂದು ಬಾಯಿಪಾಠ ಮಾಡುತ್ತಿದ್ದಳು. ತಪ್ಪಿಲ್ಲದೆ ಒಪ್ಪಿಸಿದವಳು ತಲೆಯೆತ್ತಿ, "ಹಾಗಾದರೆ ಈಗ ಯಾವುದು?" ಎಂದು ಕೇಳಿಬಿಟ್ಟಳು. ಅವಳ ಅಣ್ಣ ಕೂಡಲೆ ಮೊಬೈಲು ಕೈಗೆತ್ತಿಕೊಂಡ. ನಾವು ಕಿಟಕಿಯ ಕಡೆ ನೋಡಿದೆವು. ಕಿಟಕಿಯಲ್ಲಿ ಎದುರು ಕಟ್ಟಡದ ಎಂಟನೆಯ ಮಹಡಿಯ ಗೋಡೆ ಕಂಡಿತು. ಅದಕ್ಕೆ ಯಾವ ಋತುವೂ ಇರಲಿಲ್ಲ. ಮೂಲೆಯಲ್ಲಿ ಹತ್ತಿಯ ಬತ್ತಿ ಹೊಸೆಯುತ್ತಿದ್ದ ನಮ್ಮ ತಾಯಿಯವರು, "ಹೊರಗ ಹೋಗಿ ನೋಡ್ರಿ, ಬೇವು ಹೇಳ್ತದ" ಎಂದರು. ಅಷ್ಟೇ ಹೇಳಿ ಮತ್ತೆ ಬತ್ತಿಯ ಕಡೆ ತಿರುಗಿದರು.

ನಾವಿರುವುದು ಮಣಿಕೊಂಡದಲ್ಲಿ. ಹೆಸರಿನಲ್ಲೇ ಕೊಂಡವಿದೆ, ತೆಲುಗಿನ ಕೊಂಡ ಎಂದರೆ ನಮ್ಮ ಬೆಟ್ಟ. 2018ರಲ್ಲಿ ಪುರಸಭೆಯಾಗುವವರೆಗೆ ಇದು ಗ್ರಾಮ ಪಂಚಾಯತಿಯ ಊರು. ನಾವು ಬಂದ ಹೊಸದರಲ್ಲಿ ಸಂಜೆಯಾದರೆ ಎಮ್ಮೆಗಳು ರಸ್ತೆಗೆ ಅಡ್ಡಲಾಗಿ ನಿಂತು ಕಾರುಗಳನ್ನು ತಡೆಯುತ್ತಿದ್ದವು. ಈಗ ಕಾರುಗಳನ್ನು ಕಾರುಗಳೇ ತಡೆಯುತ್ತವೆ. ಆದರೂ ಪೂರ್ವದ ಖಾಜಾಗುಡದ ಗುಡ್ಡಗಳ ಕಡೆ ಕಾಲುನಡಿಗೆಯಲ್ಲಿ ಹೋದರೆ ಬಂಡೆಗಳ ರಾಜ್ಯ ಇನ್ನೂ ಸ್ವಲ್ಪ ಉಳಿದಿದೆ. ಪಶ್ಚಿಮಕ್ಕೆ ನರಸಿಂಗಿಯನ್ನು ದಾಟಿದರೆ ಗಂಡಿಪೇಟೆಯ ಕೆರೆ.

ಆ ಭಾನುವಾರ ಬೆಳಗ್ಗೆ ನಾವು ಐವರೂ ಹೊರಟೆವು. ಒಂದು ದೊಡ್ಡ ಬಂಡೆ, ಅದರ ಬೆನ್ನಿಗೆ ಒಂದು ಬೇವಿನ ಮರ, ಬುಡದ ಸಂದಿಯಲ್ಲಿ ನಾಲ್ಕಾರು ಕಾಡು ಸೀತಾಫಲದ ಗಿಡ. ಮಕ್ಕಳು ಅದಕ್ಕೆ ಆನೆಬಂಡೆ ಎಂದು ಹೆಸರಿಟ್ಟರು. ಬೇವು ನಿಜವಾಗಿಯೂ ಹೇಳಿತು. ಮರದ ತುಂಬ ಸಣ್ಣ ಬಿಳಿಯ ಹೂ, ಕೆಳಗೆ ಅಕ್ಕಿ ಚೆಲ್ಲಿದಂತೆ ಹಾಸು. ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತಿದ್ದ ಬೇವಿನ ಹೂ ಮರದ ಮೇಲೂ ಇರುತ್ತದೆಂದು ನಮ್ಮ ಮಗಳಿಗೆ ಅಂದು ತಿಳಿಯಿತು.

ಅಲ್ಲಿಯೇ ಒಂದು ಒಪ್ಪಂದವಾಯಿತು. ಪ್ರವಾಸವೆಂದು ವರ್ಷಕ್ಕೊಂದು ಹೊಸ ಊರಿಗೆ ಓಡುವುದು ಹೇಗೂ ಇದ್ದೇ ಇದೆ. ಇನ್ನು ಮೇಲೆ ಹದಿನೈದು ದಿನಕ್ಕೊಮ್ಮೆ ಇದೇ ಜಾಗಕ್ಕೆ ಬರುವುದು. ಬಂದಾಗ ಕಂಡದ್ದನ್ನು ಬರೆದಿಡುವುದು. ದಿನಸಿಯ ಲೆಕ್ಕಕ್ಕೆಂದು ತಂದ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕ ಖಾಲಿ ಬಿದ್ದಿತ್ತು, ಅದೇ ಆಯಿತು. ಮೊದಲನೆಯ ನಮೂದು ಮಗಳದು: "ಬೇವು ಹೂ ಬಿಟ್ಟಿದೆ. ಕೋಗಿಲೆ ಒಂದು. ಅಣ್ಣನಿಗೆ ಮುಳ್ಳು ಚುಚ್ಚಿತು."

ಬಂಡೆಯ ವಿಷಯವನ್ನು ಹುಡುಗ ವಹಿಸಿಕೊಂಡ. ಈ ಕಲ್ಲನ್ನು ಕಲ್ಲಿನ ಮೇಲೆ ಯಾರು ಇಟ್ಟರು ಎಂಬುದು ಅವನ ಪ್ರಶ್ನೆ. ಯಾರೂ ಇಟ್ಟದ್ದಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ್ದ ಶಿಲೆ ಆರಿ ಗಟ್ಟಿಯಾಯಿತು; ಅದರಲ್ಲಿ ಅಡ್ಡ ಉದ್ದ ಬಿರುಕು ಮೂಡಿತು. ಬಿರುಕಿನಲ್ಲಿ ಇಳಿದ ನೀರು ಮೂಲೆಗಳನ್ನು ಮೊದಲು ತಿಂದು ಪುಡಿಮಾಡಿತು. ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ದುಂಡನೆಯ ತಿರುಳುಗಳು ಇದ್ದ ಜಾಗದಲ್ಲೇ ಒಂದರ ಮೇಲೊಂದು ಉಳಿದವು. ನಮ್ಮ ಹಂಪೆಯ ಗುಂಡುಗಳೂ ಹೀಗೆಯೇ ಆದವು. ಇದನ್ನು ಕೇಳಿದ ನಮ್ಮ ಮನೆಯಾಕೆ, "ಹಾಗಾದರೆ ಈ ಆನೆ ಎಲ್ಲಿಂದಲೂ ಬಂದದ್ದಲ್ಲ, ಹುಟ್ಟಿದ ಮನೆಯಲ್ಲೇ ಇದೆ" ಎಂದಳು. ಅವಳು ಮೈಸೂರಿನ ಕಡೆಯವಳು, ನಾವು ಬೀದರದ ಕಡೆಯವರು, ಇರುವುದು ಹೈದರಾಬಾದಿನಲ್ಲಿ. ಮಾತು ಸ್ವಲ್ಪ ನಾಟಿತು.

ಗ್ರೀಷ್ಮ ಬಂತು. ಮೇ ತಿಂಗಳ ಬಿಸಿಲಿಗೆ ಬಂಡೆ ಕಾದ ಹೆಂಚು. ಐದೂವರೆಗೆ ಹೊರಟು ಏಳರೊಳಗೆ ಮನೆ ಸೇರಿದರೆ ಸರಿ, ಇಲ್ಲವಾದರೆ ಇಲ್ಲ. ಆ ಬಿಸಿಲಿನಲ್ಲಿಯೂ ಬೇವು ಹಸಿರಾಗಿತ್ತು. ಹರಟೆಮಲ್ಲ ಹಕ್ಕಿಗಳು ಏಳೆಂಟು ಒಟ್ಟಾಗಿ ಸಂಘದ ವಾರ್ಷಿಕ ಸಭೆಯಂತೆ ಗದ್ದಲ ಮಾಡುತ್ತಿದ್ದವು. ಜೂನ್ ಮೊದಲ ವಾರದಲ್ಲಿ ಕಪ್ಪು ಬಿಳುಪಿನ ಜುಟ್ಟಿನ ಹಕ್ಕಿಯೊಂದು ತಂತಿಯ ಮೇಲೆ ಕುಳಿತು ಕೂಗಿತು. ಅದು ಚಾತಕ. ಮಳೆಗಾಳಿಯ ಜೊತೆಗೆ ಆಫ್ರಿಕದ ಕಡೆಯಿಂದ ಸಾಗರ ದಾಟಿ ಬರುವ ಈ ಹಕ್ಕಿ ತಾನು ಗೂಡು ಕಟ್ಟದೆ ಇದೇ ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಬಾಡಿಗೆಯನ್ನೂ ಕೊಡುವುದಿಲ್ಲವೆಂಬುದು ನಮ್ಮ ಮಗನ ಟಿಪ್ಪಣಿ.

ಚಾತಕ ಬಂದ ಮೂರನೆಯ ದಿನ ಮಳೆ ಬಂತು. ಮಗಳಿಗೆ ಸಮಾಧಾನವಿಲ್ಲ. "ಪುಸ್ತಕದ ಪ್ರಕಾರ ಇದಿನ್ನೂ ಗ್ರೀಷ್ಮ. ಜ್ಯೇಷ್ಠ ಆಷಾಢ ಎರಡೂ ಗ್ರೀಷ್ಮ. ಮಳೆ ಹೇಗೆ ಬಂತು?" ನಮಗೆ ಉತ್ತರ ಹೊಳೆಯಲಿಲ್ಲ. ತಾಯಿಯವರು ನಕ್ಕು, "ಅದು ಪಂಚಾಂಗದ ಋತು. ಹೊಲದ್ದು ಬ್ಯಾರೆ" ಎಂದು ಬೆರಳು ಮಡಿಚಿ ಎಣಿಸತೊಡಗಿದರು. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ, ಉತ್ತರಾ, ಹಸ್ತಾ, ಚಿತ್ತಾ, ಸ್ವಾತಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಮಳೆಯ ಹೆಸರು. ಜೂನ್ 7 ಅಥವಾ 8ಕ್ಕೆ ಮೃಗಶಿರೆ, ಜನರ ಬಾಯಲ್ಲಿ ಮಿರಗ. ಜೂನ್ 21ರ ಹೊತ್ತಿಗೆ ಆರಿದ್ರಾ. ಎಂಬತ್ತರ ಹತ್ತಿರದ ಮುದುಕಿ ಹನ್ನೆರಡು ಮಳೆಯನ್ನೂ ತಡವರಿಸದೆ ಹೇಳಿದಾಗ, ಆರೇ ಋತುವನ್ನು ಬಾಯಿಪಾಠ ಮಾಡಿದ ಮೊಮ್ಮಗಳು ಮೂಕಳಾಗಿ ನೋಡಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾವು ಅವರನ್ನು ಕೇಳಿರಲಿಲ್ಲ.

ಆರಿದ್ರೆಯ ಮಳೆಯ ಮರುದಿನ ಆನೆಬಂಡೆಯ ಬುಡದ ಹಸಿ ಮಣ್ಣಿನಲ್ಲಿ ಮಖಮಲ್ಲಿನಂತಹ ಕೆಂಪು ಹುಳುಗಳು ಹರಿದಾಡುತ್ತಿದ್ದವು. ನಮ್ಮ ಕಟ್ಟಡದ ಕಾವಲುಗಾರನ ಹೆಂಡತಿ ಜೊತೆಗೆ ಬಂದಿದ್ದಳು. "ಆರುದ್ರ ಪುರುಗು" ಎಂದು ಕೈಯಲ್ಲಿ ಹಿಡಿದು ತೋರಿಸಿದಳು. ತೆಲುಗಿನವರು ಮಳೆಯ ನಕ್ಷತ್ರಗಳನ್ನು ಕಾರ್ತೆ ಎನ್ನುತ್ತಾರೆ, ಹೆಸರುಗಳೆಲ್ಲ ಅವೇ. ಅಂದಿನಿಂದ ಆಕೆಗೂ ನಮ್ಮ ತಾಯಿಯವರಿಗೂ ಸ್ನೇಹ. ಒಬ್ಬರು ತೆಲುಗು, ಒಬ್ಬರು ಬೀದರದ ಕನ್ನಡ. ಬೆಳೆ, ಕಳೆ, ಮಳೆಯ ಮಾತಿಗೆ ಮಧ್ಯಸ್ಥರು ಬೇಕಾಗಲಿಲ್ಲ.

ವರ್ಷ ಋತುವಿನಲ್ಲಿ ಬಂಡೆಯ ನೆತ್ತಿಯ ಗುಳಿಯಲ್ಲಿ ನೀರು ನಿಂತು ಗೊದಮೊಟ್ಟೆಗಳು ತುಂಬಿದವು. ಅವು ಕಪ್ಪೆಯಾಗುವ ಮೊದಲು ನೀರು ಆರಿಹೋದರೆ ಏನು ಗತಿ ಎಂದು ಮಗಳಿಗೆ ನಾಲ್ಕು ರಾತ್ರಿ ನಿದ್ರೆಯಿಲ್ಲ. ಮಘೆಯ ಮಳೆ ಹೊಯ್ದು ಗುಳಿ ಮತ್ತೆ ತುಂಬಿತು. ಆ ದಿನದ ನಮೂದು ಒಂದೇ ಪದ: "ಉಳಿದವು."

ಸೆಪ್ಟೆಂಬರ್ ಕೊನೆಗೆ ಬುತ್ತಿ ಕಟ್ಟಿಕೊಂಡು ಗಂಡಿಪೇಟೆಗೆ ಹೋದೆವು. ತುಂಬಿದ ಕೆರೆಯನ್ನು ನೋಡುತ್ತ ಮೊಸರನ್ನ ತಿನ್ನುವಾಗ ಈ ನೀರಿನ ಹಿಂದಿರುವ ಕಥೆಯನ್ನು ಹೇಳದಿರುವುದು ಹೇಗೆ? 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜ್‌ನ ಒಂದು ಹುಣಿಸೆಮರವನ್ನು ಹತ್ತಿ ನೂರೈವತ್ತರಷ್ಟು ಜನ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ. ಇನ್ನೊಮ್ಮೆ ಹೀಗಾಗದಂತೆ ಉಪಾಯ ಹೇಳಲು ನಿಜಾಮರ ಸರಕಾರ ಕರೆಸಿದ್ದು ಮುದ್ದೇನಹಳ್ಳಿಯ ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು 1909ರಲ್ಲಿ ಬಂದು, ಊರಿನ ಮೇಲ್ಗಡೆ ನದಿಗಳಿಗೆ ಕಟ್ಟೆ ಹಾಕಿ ಪ್ರವಾಹದ ನೀರನ್ನು ಹಿಡಿದಿಡಬೇಕೆಂದು ಯೋಜನೆ ಕೊಟ್ಟರು. ಮೂಸಿಗೆ ಅಡ್ಡಲಾಗಿ ಉಸ್ಮಾನ್‌ಸಾಗರ 1920ರಲ್ಲಿ ಮುಗಿಯಿತು. ಈಸಿಗೆ ಅಡ್ಡಲಾಗಿ ಹಿಮಾಯತ್‌ಸಾಗರ 1927ರಲ್ಲಿ. ಗಂಡಿಪೇಟೆಯ ಕೆರೆಯೆಂದರೆ ಉಸ್ಮಾನ್‌ಸಾಗರವೇ. ಮಕ್ಕಳಿಗೆ ಕಟ್ಟೆಗಿಂತ ಹುಣಿಸೆಮರವೇ ಹೆಚ್ಚು ಹಿಡಿಸಿತು. ಇರಲಿ, ಮರವೂ ಕಟ್ಟೆಯೂ ಮಾಡಿದ ಕೆಲಸ ಒಂದೇ.

ಶರತ್ತಿನಲ್ಲಿ ಮಹಾಲಯ ಅಮಾವಾಸ್ಯೆಯಿಂದ ತೆಲಂಗಾಣದ ಹೆಣ್ಣುಮಕ್ಕಳ ಬತುಕಮ್ಮ. ತಟ್ಟೆಯ ಮೇಲೆ ಹೂಗಳನ್ನು ಗೋಪುರದಂತೆ ಒಟ್ಟಿ, ನಡುವೆ ಇಟ್ಟು, ಸುತ್ತ ಚಪ್ಪಾಳೆ ತಟ್ಟಿ ಹಾಡಿ, ಕೊನೆಗೆ ಕೆರೆಯ ನೀರಿಗೆ ಬಿಡುತ್ತಾರೆ. ಅದರಲ್ಲಿ ಮುಖ್ಯವಾದ ಹೂಗಳು ತೋಟದವಲ್ಲ, ಬೀಳು ನೆಲದವು: ಹಳದಿಯ ತಂಗೇಡು ಮತ್ತು ಗುನುಗು. ಗುನುಗನ್ನು ಕಂಡ ನಮ್ಮ ತಾಯಿಯವರು "ಇದು ನಮ್ಮ ಹೊಲದಾಗಿನ ಕಳಿ! ಜೀವಮಾನ ಎಲ್ಲಾ ಕಿತ್ತು ಒಗದೀನಿ" ಎಂದು ಗಲ್ಲದ ಮೇಲೆ ಕೈಯಿಟ್ಟರು. ಕನ್ನಡದ ಅಣ್ಣೆ ಸೊಪ್ಪು ಇಲ್ಲಿ ದೇವರಾಗಿ ಕುಳಿತಿತ್ತು. ದಸರೆಗೆ ನಾವು ಬನ್ನಿ ಎಂದೆವು, ಅವರು ಜಮ್ಮಿ ಎಂದರು; ಎಲೆ ಒಂದೇ. ದಸರೆಯ ದಿನ ಅವರು ಕಂಡರೆ ಶುಭವೆನ್ನುವ ಪಾಲಪಿಟ್ಟ ನಮ್ಮ ನೀಲಕಂಠ. ಕರ್ನಾಟಕಕ್ಕೂ ತೆಲಂಗಾಣಕ್ಕೂ ರಾಜ್ಯಪಕ್ಷಿ ಅದೇ. ಅಂದು ಆನೆಬಂಡೆಯ ಬುಡದ ಸೀತಾಫಲಗಳು ಕಣ್ಣು ಬಿಟ್ಟಿದ್ದವು. ಎರಡೇ ಹಣ್ಣು ಕಿತ್ತು, ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟು ಮೂರನೆಯ ದಿನ ಐವರೂ ಹಂಚಿಕೊಂಡೆವು. ಉಳಿದದ್ದು ಹಕ್ಕಿಗಳ ಪಾಲು.

ಇಲ್ಲಿಯವರೆಗೆ ಬರೆದದ್ದೆಲ್ಲ ಸುಖದ ಲೆಕ್ಕ. ಇನ್ನು ಹೇಳದೆ ಇದ್ದ ಒಂದು ಬಾಬತ್ತು ಉಂಟು.

ಬೀದರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ತಂದೆಯವರು ಬಿಟ್ಟುಹೋದ ನಾಲ್ಕು ಎಕರೆ ಹೊಲವಿದೆ. ಬೀದರ 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲೇ ಇತ್ತು. ಆ ಸೀಮೆಯ ಎಷ್ಟೋ ಮನೆಗಳಂತೆ ನಮ್ಮವರೂ ಓದಿಗೆ, ನೌಕರಿಗೆ ಇತ್ತಲೇ ಬಂದವರು. ಹೊಲ ಪಾಲಿಗೆ ಹೋಗಿ ಇಪ್ಪತ್ತು ವರ್ಷವಾಯಿತು. ಮಗನ ಕಾಲೇಜು ಹತ್ತಿರ ಬಂತು, ಮನೆಯ ಸಾಲವಿನ್ನೂ ತೀರಿಲ್ಲ. ಕೊಳ್ಳುವವರು ಬಂದಿದ್ದರು, ಬೆಲೆಯೂ ಕುದುರಿತ್ತು. ತಾಯಿಯವರನ್ನು ಕೇಳಿದಾಗ "ನಿಮ್ಮ ಇಷ್ಟ" ಎಂದರು. ಅದನ್ನು ನಾವು ಒಪ್ಪಿಗೆಯೆಂದೇ ತಿಳಿದೆವು. ಎಳ್ಳಮಾವಾಸ್ಯೆ ಒಂದನ್ನು ಮುಗಿಸಿ ಕಾಗದ ಮಾಡಿಬಿಡುವುದೆಂದು ನಿಶ್ಚಯವಾಗಿತ್ತು.

ಹೇಮಂತದಲ್ಲಿ, ಮಾರ್ಗಶಿರದ ಕೊನೆಯ ದಿನ, ಎಳ್ಳಮಾವಾಸ್ಯೆ. ಬೀದರ, ಕಲಬುರಗಿಯ ಸೀಮೆಯಲ್ಲಿ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಮೈಸೂರಿನ ಕಡೆಯ ಓದುಗರಿಗಾಗಿ ಎರಡು ಮಾತು: ಜೋಳದ ದಂಟಿನಿಂದ ಸಣ್ಣ ಗುಡಿಸಲು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸುತ್ತಾರೆ. ಹಸಿ ಕಡಲೆ, ಅವರೆ, ತೊಗರಿ, ಕೈಗೆ ಸಿಕ್ಕ ಕಾಯಿಪಲ್ಲೆಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಜೋಳದ ಅಂಬಲಿ. ಉಣ್ಣುವ ಮೊದಲು ಅನ್ನವನ್ನು ಬೆಳೆಯ ಮೇಲೆ ಎರಚುತ್ತ ಹೊಲ ಸುತ್ತುವುದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಭೂಮಿ ಬಸುರಿ, ಇದು ಅವಳ ಬಯಕೆಯ ಊಟ. ಹೊಲವಿಲ್ಲದವರನ್ನೂ ಕರೆದು ಉಣ್ಣಿಸದೆ ಆ ದಿನ ಯಾರೂ ಏಳುವುದಿಲ್ಲ.

ಬೆಳಗಿನ ಜಾವ ಕಾರಿನಲ್ಲಿ ಹೊರಟು ಜಹೀರಾಬಾದಿನ ದಾರಿ ಹಿಡಿದು ನೂರಮೂವತ್ತು ನಲವತ್ತು ಕಿಲೋಮೀಟರು ಸಾಗಿದರೆ ನಮ್ಮೂರ ಸೀಮೆ. ಊಟವಾದ ಮೇಲೆ ನಾವು ಬೇವಿನ ನೆರಳಿನಲ್ಲಿ ಅಡ್ಡಾಗಿದ್ದೆವು. ತಾಯಿಯವರು ಮೊಮ್ಮಗಳನ್ನು ಕರೆದು, "ನಿನ್ನ ಪುಸ್ತಕ ತಾ. ನಾ ಹೇಳ್ತೀನಿ, ಬರಿ" ಎಂದರು. ಅವಳ ಹೆಗಲ ಮೇಲೆ ಕೈಯಿಟ್ಟು ಹೊಲದ ಸುತ್ತ ಒಂದು ಗಂಟೆ ನಡೆದರು. ನಡುವೆ ಒಮ್ಮೆ ಸೀತನಿ ಸುಡುವ ಬೆಂಕಿಯ ಬಳಿ ಕುಳಿತರು. ಏನು ಬರೆಸಿದರೆಂದು ನಾವು ಕೇಳಲಿಲ್ಲ.

ರಾತ್ರಿ ಮಣಿಕೊಂಡಕ್ಕೆ ಬಂದು, ಮಕ್ಕಳು ಮಲಗಿದ ಮೇಲೆ ಪುಸ್ತಕ ತೆರೆದೆವು. ನಾಲ್ಕು ಪುಟ ತುಂಬಿತ್ತು. ಮೂಡಣ ಮೂಲೆಯಲ್ಲಿ ಬನ್ನಿ ಮರ, ಅಜ್ಜನ ಅಪ್ಪ ಹಚ್ಚಿದ್ದು. ಅಲ್ಲಿಂದ ನಲವತ್ತು ಹೆಜ್ಜೆಗೆ ಕೆಂಪು ಮಣ್ಣು ಮುಗಿದು ಕರಿ ಮಣ್ಣು ಸುರುವಾಗುತ್ತದೆ. ಕೆಂಪಿನಲ್ಲಿ ಹೆಸರು, ಕರಿಯಲ್ಲಿ ಜೋಳ. ಬಾವಿಯ ನೀರು ಯಾವ ಬರಗಾಲಕ್ಕೂ ಆರಿಲ್ಲ. ಹಸ್ತೆಯ ಮಳೆ ಜೋರಾದರೆ ಪಡುವಣ ಬದು ಒಡೆಯುತ್ತದೆ, ಮೊದಲೇ ಕಲ್ಲು ಇಡಬೇಕು. ಬಾವಿಯ ಹತ್ತಿರದ ಬೇವಿನ ಕೆಳಗೆ ನಿಂತರೆ ಮಿರಗದ ಗಾಳಿ ಮೊದಲು ತಾಗುತ್ತದೆ. ಕೊನೆಯ ಸಾಲು ಹೀಗಿತ್ತು: "ಅಜ್ಜಿ ಹೇಳಿದ್ದು, ಬೇರೆಯವರ ಕೈಗೆ ಹೋದ ಮೇಲೆ ಯಾರು ಹೇಳುತ್ತಾರೆ, ಅದಕ್ಕೆ ಬರೆಸಿದೆ."

"ನಿಮ್ಮ ಇಷ್ಟ" ಎಂದರೆ ಏನೆಂದು ನಮಗೆ ಆಗ ಅರ್ಥವಾಯಿತು.

ಪೂರಾ ಗೆದ್ದೆವೆಂದು ಹೇಳಲಾರೆವು. ಸಾಲ ಸಾಲವೇ, ಕಾಲೇಜು ಕಾಲೇಜೇ. ರಸ್ತೆಯ ಕಡೆಯ ಎರಡು ಎಕರೆ ಮಾರಿದೆವು. ಬನ್ನಿ, ಬಾವಿ, ಬೇವು, ಕೆಂಪು ಕರಿ ಮಣ್ಣು ಕೂಡುವ ಗೆರೆ ಇರುವ ಎರಡು ಎಕರೆ ಉಳಿಯಿತು. ತಾಯಿಯವರಿಗೆ ತಿಳಿಸಿದಾಗ, "ಹಂಗಾದ್ರ ಬದಕ್ಕ ಕಲ್ಲು ಹಾಕಸ್ರಿ" ಎಂದರು. ಬೇರೇನೂ ಹೇಳಲಿಲ್ಲ.

ಶಿಶಿರದಲ್ಲಿ ಆನೆಬಂಡೆಗೆ ಮತ್ತೆ ಹೋದೆವು. ಬೇವು ಎಲೆ ಉದುರಿಸಿ ನಿಂತಿತ್ತು. ಅದರಾಚೆಯ ಜಾಗದ ಬಂಡೆಯಲ್ಲಿ ಯಾರೋ ಸಾಲಾಗಿ ರಂಧ್ರ ಕೊರೆದಿದ್ದರು. ಹದಿನೈದು ದಿನ ಬಿಟ್ಟು ಹೋದಾಗ ಜಲ್ಲಿಯ ರಾಶಿ. ಹುಡುಗ ಬಹಳ ಹೊತ್ತು ನಿಂತು ಬರೆದ: "ಪಕ್ಕದ ಬಂಡೆ ಇಲ್ಲ." ಮನೆಗೆ ಮರಳುವಾಗ ಸಮಾಧಾನಕ್ಕೆಂದು ನೆಕ್ನಾಂಪುರದ ಕೆರೆಯ ದಂಡೆಗೆ ಕರೆದುಕೊಂಡು ಹೋದೆವು. ಕೊಳಚೆಯಿಂದ ಕೆಟ್ಟಿದ್ದ ಆ ಕೆರೆಯಲ್ಲಿ 2018ರಲ್ಲಿ ಲಾವಂಚ ಮೊದಲಾದ ಗಿಡಗಳ ತೇಲುವ ತೆಪ್ಪ ಬಿಟ್ಟು, ಬೇರುಗಳಿಂದಲೇ ನೀರನ್ನು ಶುದ್ಧಿಮಾಡುವ ಪ್ರಯತ್ನ ನಡೆಯಿತು. "ಹಾಗಾದರೆ ಕೆಟ್ಟ ನೀರನ್ನು ಸರಿಮಾಡಬಹುದು. ಒಡೆದ ಬಂಡೆಯನ್ನು?" ಎಂದು ಹುಡುಗ ಕೇಳಿದ. ನಾವು ಸುಳ್ಳು ಹೇಳಲಿಲ್ಲ.

ಓದುಗ ಬಂಧುಗಳೇ, ಉಪದೇಶ ಮಾಡುವ ವಯಸ್ಸು ನಮ್ಮದಲ್ಲ. ಆದರೂ ನಮ್ಮ ಅನುಭವಕ್ಕೆ ಬಂದದ್ದನ್ನು ಹೇಳಬೇಕು. ಋತುಗಳನ್ನು ನೋಡಲು ದೂರ ಹೋಗಬೇಕಾದ್ದಿಲ್ಲ. ಒಂದೇ ಕಡೆಗೆ ಮತ್ತೆ ಮತ್ತೆ ಹೋಗಬೇಕು. ನಿಮಗೆ ಹತ್ತಿರದ ಒಂದು ಮರ, ಒಂದು ಕೆರೆ, ಒಂದು ಬಂಡೆ ಸಾಕು. ಒಂದು ಪುಸ್ತಕ ಇರಲಿ, ಬರೆಯುವ ಹೊಣೆ ಮಕ್ಕಳದಾಗಲಿ. ಮನೆಯಲ್ಲಿ ಹಿರಿಯರಿದ್ದರೆ ಜೊತೆಗೆ ಕರೆದೊಯ್ಯಿರಿ; ಅವರು ನಡೆಯಲಾರದಿದ್ದರೆ ಹೂವೊಂದನ್ನು ತಂದು ತೋರಿಸಿ ಹೆಸರು ಕೇಳಿ. ಊರಲ್ಲಿ ಹೊಲವಿದ್ದವರು ಅದರ ನಾಲ್ಕು ಪುಟವನ್ನು ಈ ವರ್ಷವೇ ಬರೆಸಿಕೊಳ್ಳಿ. ಬೆಲೆಯ ಮಾತು ಆಮೇಲೆ.

ಈ ಯುಗಾದಿಯ ಬೆಳಗ್ಗೆ ನಾವು ಐವರೂ ಮತ್ತೆ ಆನೆಬಂಡೆಯ ಬಳಿ ಇದ್ದೆವು. ಕಾವಲುಗಾರನ ಹೆಂಡತಿ ಪಚ್ಚಡಿಗೆಂದು ಬೇವಿನ ಹೂ ಆರಿಸುತ್ತಿದ್ದಳು. ನಾವು ಬೇವು ಬೆಲ್ಲಕ್ಕೆ. ಮಗಳು ಪುಸ್ತಕದ ಎರಡನೆಯ ವರ್ಷದ ಮೊದಲ ಸಾಲು ಬರೆದಳು: "ಬೇವು ಹೂ ಬಿಟ್ಟಿದೆ. ಕೋಗಿಲೆ ಎರಡು." ಮುಳ್ಳು ಈ ಸಲ ನಮಗೇ ಚುಚ್ಚಿತು, ಅದನ್ನೂ ಬರೆದಿದ್ದಾಳೆ.